‘ರೈಟ್ರೇ, ಇದೀರಾ?’

ಪ್ರಶ್ನೆ: ಮೇಡಂ, ನಾನು ಮೂಡಿಗೆರೆ ತಾಲ್ಲೂಕು ಬಾಳೂರು ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಇಪ್ಪತ್ತಾರು ವರ್ಷದ ಸರ್ವೀಸು. ದೊಡ್ಡ ಸಾಹುಕಾರ್ರು ತೀರಿಕೊಂಡ ಮೇಲೆ ಮೂರು ವರ್ಷದಿಂದ ಅವರ ಮಗ ತೋಟ ನೋಡಿಕೊಳ್ತಿದಾರೆ. ಅವರಿಗೆ ಬೆಂಗಳೂರಲ್ಲಿ ಕೆಲಸ, ತಿಂಗಳಿಗೆ ಎರಡು ಸಲ ಬಂದು ಹೋಗ್ತಾರೆ. ಒಳ್ಳೆಯವರು. ಒಂದು ದಿನ ಏಕವಚನದಲ್ಲಿ ಮಾತಾಡಿಸಿಲ್ಲ, ಒಂದು ವಾರ ಬಟವಾಡೆ ತಪ್ಪಿಸಿಲ್ಲ. ಕಷ್ಟ ಇರೋದು ಫೋನಿಂದು.

ಬೆಳಿಗ್ಗೆ ಹಾಜರಿ ಹಾಕಿ ಕೆಲಸ ಹಂಚುವ ಹೊತ್ತಿಗೆ ಶುರು. ‘ರೈಟ್ರೇ, ಇದೀರಾ?’ ಅಂತ ಒಂದು ಮೆಸೇಜು. ಅಷ್ಟೇ, ಮುಂದೆ ಏನೂ ಇಲ್ಲ. ನಮ್ಮಲ್ಲಿ ರೇಂಜ್ ಸರಿಯಾಗಿ ಸಿಗೋದು ಕಣದ ಮೇಲಿರೋ ನೀರಿನ ಟ್ಯಾಂಕ್ ಹತ್ತಿರ ಮಾತ್ರ. ಏನೋ ಅರ್ಜೆಂಟು ಅಂತ ಹತ್ತಿಕೊಂಡು ಬಂದು ಫೋನ್ ಮಾಡಿದ್ರೆ ‘ಮೀಟಿಂಗಲ್ಲಿದೀನಿ, ಆಮೇಲೆ ಮಾಡ್ತೀನಿ’ ಅಂತಾರೆ. ಅವರು ಆಮೇಲೆ ಮಾಡೋ ಹೊತ್ತಿಗೆ ನಾನು ಕೆಳಗೆ ಇಳಿದಿರ್ತೀನಿ. ಸಂಜೆ ತೂಕದ ಹೊತ್ತಲ್ಲಿ ಫೋಟೋ ಕಳ್ಸಿ, ವಿಡಿಯೋ ಕಳ್ಸಿ ಅಂತಾರೆ. ಹೆಂಗಸರು ಹಣ್ಣಿನ ಮೂಟೆ ಇಟ್ಕೊಂಡು ಸಾಲಲ್ಲಿ ನಿಂತಿರ್ತಾರೆ, ನಾನು ಫೋನ್ ಹಿಡ್ಕೊಂಡು ಟ್ಯಾಂಕ್ ಹತ್ತಿರ. ತೋಟದ ಗ್ರೂಪ್ ಅಂತ ಬೇರೆ ಒಂದು ಮಾಡಿದಾರೆ. ಅದರಲ್ಲಿ ಅವರು, ಅವರ ಮನೆಯವರು, ಅಮೆರಿಕದಲ್ಲಿರೋ ಅಕ್ಕ-ಭಾವ, ಲೆಕ್ಕ ನೋಡೋರು ಎಲ್ಲ ಇದಾರೆ. ಕೇಳೋರು ಐದು ಜನ, ಹೇಳೋನು ನಾನೊಬ್ಬ. ರಾತ್ರಿ ಹನ್ನೊಂದಕ್ಕೆ ‘ಎಷ್ಟು ಮೂಟೆ ಸ್ಟಾಕ್ ಇದೆ’ ಅಂತ ಬರುತ್ತೆ. ತಡ ಆದ್ರೆ ‘ನೋಡಿದೀರಲ್ಲ, ನೀಲಿ ಟಿಕ್ ಬಂದಿದೆ’ ಅಂತಾರೆ.

ಬಾಯಿಬಿಟ್ಟು ಹೇಳಿದ್ರೆ ವಯಸ್ಸಾಯ್ತು, ಇವನಿಗೆ ಫೋನ್ ಬಳಸೋಕೆ ಬರಲ್ಲ ಅಂದುಕೊಂಡಾರು. ಹೇಳದೆ ಇದ್ರೆ ತಲೆ ಕೆಡುತ್ತೆ. ಹೋದ ವಾರ ಕಾರಣ ಇಲ್ಲದೆ ಮೇಸ್ತ್ರಿ ಮೇಲೆ ರೇಗಿಬಿಟ್ಟೆ. ಇನ್ನೊಂದು, ವಾರದ ರಜೆ ದಿನ ಫೋನ್ ಆಫ್ ಮಾಡಿ ಇಟ್ಟರೆ ತಪ್ಪಾ?

– ಹೆಸರು ಬೇಡ, ರೈಟರ್ ಅಂತಲೇ ಹಾಕಿ

ಉತ್ತರ: ರೈಟ್ರೇ, ನಿಮ್ಮ ಪತ್ರ ಓದುತ್ತಿದ್ದ ಹಾಗೆ ನನಗೆ ನನ್ನ ಅಪ್ಪ ನೆನಪಾದರು. ಅವರೂ ಕಳಸದಿಂದ ಹೊರನಾಡಿಗೆ ಹೋಗುವ ಕಡೆಯ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಸಾಹುಕಾರರ ವಾಸ ಚಿಕ್ಕಮಗಳೂರಲ್ಲಿ. ಹೇಳುವುದಿದ್ದರೆ ಜೀಪಿನ ಡ್ರೈವರ್ ಕೈಯಲ್ಲಿ ಚೀಟಿ ಬರುತ್ತಿತ್ತು, ಅಪ್ಪ ಅದೇ ಚೀಟಿಯ ಬೆನ್ನಿಗೆ ಉತ್ತರ ಬರೆದು ವಾಪಸ್ ಕಳಿಸುತ್ತಿದ್ದರು. ಮಳೆಗಾಲದಲ್ಲಿ ಭದ್ರಾ ಏರಿ ಹೆಬ್ಬಾಳೆ ಸೇತುವೆ ಮುಳುಗಿತೆಂದರೆ ಜೀಪೂ ಇಲ್ಲ, ಚೀಟಿಯೂ ಇಲ್ಲ. ತೀರಾ ಅವಸರವಾದರೆ ಟ್ರಂಕ್ ಕಾಲ್. ಬುಕ್ ಮಾಡಿ ಕಾಯಬೇಕು, ಮೂರು ಮೂರು ನಿಮಿಷಕ್ಕೆ ದುಡ್ಡು ತೆರಬೇಕು. ಹಾಗಾಗಿ ಸಾಹುಕಾರರು ಕೇಳುವ ಮುಂಚೆ ಏನು ಕೇಳಬೇಕೆಂದು ತಾವೇ ಕೂತು ಯೋಚಿಸುತ್ತಿದ್ದರು. ಒಂದು ಚೀಟಿಯಲ್ಲಿ ಗೊಬ್ಬರ, ಮರಗಸಿ, ಆಳಿನ ಲೆಕ್ಕ, ಹಸು ಕರು ಹಾಕಿತೋ ಇಲ್ಲವೋ, ಎಲ್ಲ ಇರುತ್ತಿತ್ತು.

ಆ ಕಾಲವೇ ಚೆನ್ನಾಗಿತ್ತು ಅಂತ ಹಾಡಿ ಹೊಗಳುವವಳಲ್ಲ ನಾನು. ರಾತ್ರಿ ಹೊತ್ತು ಲೈನ್ ಮನೆಯಲ್ಲಿ ಹೆರಿಗೆ ನೋವು ಶುರುವಾದಾಗ ಫೋನಿಲ್ಲದ ಊರು ಹೇಗಿರುತ್ತದೆ ಅನ್ನುವುದನ್ನು ಕಂಡಿದ್ದೇನೆ. ಆದರೆ ಒಂದು ಲೆಕ್ಕ ಆಗ ಸರಿಯಿತ್ತು. ಕೇಳುವವರಿಗೂ ಸ್ವಲ್ಪ ಖರ್ಚು ಬೀಳುತ್ತಿತ್ತು. ಈಗ ಕೇಳುವುದಕ್ಕೆ ಹೆಬ್ಬೆರಳು ಸಾಕು. ಖರ್ಚೆಲ್ಲ ಉತ್ತರ ಹೇಳುವವರ ತಲೆ ಮೇಲೆ. ನಿಮ್ಮ ವಿಷಯದಲ್ಲಿ ಕಾಲಿನ ಮೇಲೆ.

ಮೊದಲು ಒಂದು ಪ್ರಶ್ನೆ. ಆ ಟ್ಯಾಂಕಿನ ಸಂಗತಿ ನಿಮ್ಮ ಸಣ್ಣ ಸಾಹುಕಾರ್ರಿಗೆ ಗೊತ್ತಿದೆಯೆ? ಗೊತ್ತಿರಲಾರದು ಅಂತ ನನ್ನ ಅಂದಾಜು. ಅವರು ಬಂದಾಗ ಬಂಗಲೆಯಲ್ಲಿ ಇಳಿದುಕೊಳ್ಳುತ್ತಾರೆ, ಬಂಗಲೆಯಲ್ಲಿ ವೈಫೈ ಇರುತ್ತದೆ. ಅವರ ಆಫೀಸಿನಲ್ಲಿ ಪಕ್ಕದ ಸಾಲಿನವರಿಗೆ ‘ಇದೀರಾ?’ ಅಂತ ಹಾಕಿದರೆ ಅದು ಬಾಗಿಲು ತಟ್ಟಿದ ಹಾಗೆ. ಆ ಕಡೆಯವರ ಮುಂದೆಯೂ ಪರದೆ ತೆರೆದಿರುತ್ತದೆ, ‘ಹೂಂ, ಹೇಳಿ’ ಅನ್ನುವುದಕ್ಕೆ ಎರಡು ಸೆಕೆಂಡು. ಅದೇ ಪದ ನಿಮ್ಮ ಜೇಬಿನಲ್ಲಿ ಟಣ್ ಅಂದಾಗ ಬಾಗಿಲು ತಟ್ಟಿದ ಹಾಗಲ್ಲ, ‘ಬಂದು ನಿಲ್ಲಿ’ ಅಂತ ಕರೆ ಕಳಿಸಿದ ಹಾಗೆ. ಏನು ವಿಷಯ ಅಂತ ಇಲ್ಲವಾದ್ದರಿಂದ ಎಲ್ಲ ಕೆಟ್ಟದ್ದೂ ಒಟ್ಟಿಗೆ ತಲೆಗೆ ಬರುತ್ತದೆ. ಹತ್ತುವ ದಾರಿಯುದ್ದಕ್ಕೂ ಅದೇ.

ನಾನೂ ಈ ತಪ್ಪು ಮಾಡಿದವಳೇ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹುಡುಗಿ ಸಹಾಯಕಿಯಾಗಿದ್ದಳು. ಒಂದು ಸಂಜೆ ಅವಳ ಮೇಜಿನ ಮೇಲೆ ‘ನಾಳೆ ಬಂದ ಕೂಡಲೇ ನನ್ನನ್ನು ನೋಡು’ ಅಂತ ಚೀಟಿ ಬರೆದಿಟ್ಟು ಮನೆಗೆ ಹೋದೆ. ಮರುದಿನ ಬಂದವಳ ಕಣ್ಣು ಊದಿತ್ತು. ನನಗೆ ಬೇಕಾಗಿದ್ದಿದ್ದು ಬೀರುವಿನ ಕೀಲಿ. ‘ಕೀಲಿ’ ಅಂತ ಒಂದು ಪದ ಬರೆದಿದ್ದರೆ ಅವಳು ಆ ರಾತ್ರಿ ಉಂಡು ಮಲಗುತ್ತಿದ್ದಳು. ಇದನ್ನು ಸಾಹುಕಾರ್ರಿಗೆ ಕತೆಯಾಗಿ ಹೇಳಬಹುದು, ಹೆಸರು ನನ್ನದೇ ಇರಲಿ.

ಇನ್ನು ಅವರು ಯಾಕೆ ಇಷ್ಟು ಕೇಳುತ್ತಾರೆ? ಇದನ್ನು ಬಿಡಿಸಿಕೊಳ್ಳದೆ ಮುಂದೆ ಹೋದರೆ ನೀವು ಹೇಳುವ ಮಾತು ದೂರಾಗಿ ಕೇಳಿಸುತ್ತದೆ. ನನಗೆ ಅನ್ನಿಸುವುದು, ಅವರಿಗೆ ಹೆದರಿಕೆ. ಅಪ್ಪ ಬಿಟ್ಟು ಹೋದ ತೋಟ. ಕೆಲಸ ಪೂರ್ತಿ ಗೊತ್ತಿಲ್ಲ, ಗೊತ್ತಿಲ್ಲ ಅಂತ ಹೇಳಿಕೊಳ್ಳುವ ಹಾಗಿಲ್ಲ. ಕಾಫಿಗೆ ರೇಟ್ ಬಂದ ವರ್ಷ ಕಣದಿಂದ ಮೂಟೆ ಕಳುವಾದ ಸುದ್ದಿ ಹತ್ತಾರು ಕೇಳುತ್ತೇವೆ. ಅದರ ಮೇಲೆ ಮಾರ್ಕೆಟ್ಟು. ರೊಬಸ್ಟಾದ ದರ ನಿಂತಿರುವುದು ಲಂಡನ್ ಮೇಲೆ, ಅರೇಬಿಕಾದ್ದು ನ್ಯೂಯಾರ್ಕ್ ಮೇಲೆ. ಲಂಡನ್ ಬಾಗಿಲು ತೆರೆಯುವಾಗ ನಮಗೆ ಮಧ್ಯಾಹ್ನದ ಊಟದ ಹೊತ್ತು. ನ್ಯೂಯಾರ್ಕ್ ಮುಚ್ಚುವಾಗ ರಾತ್ರಿ 11, ಚಳಿಗಾಲದಲ್ಲಿ 12. ರಾತ್ರಿ ಹನ್ನೊಂದಕ್ಕೆ ‘ಎಷ್ಟು ಮೂಟೆ ಇದೆ’ ಅನ್ನುವ ಪ್ರಶ್ನೆ ಬರುವುದು ಅಲ್ಲಿಂದ. ಪರದೆಯ ಮೇಲೆ ಅಂಕಿ ಏರುತ್ತದೆ, ಕೈ ತುರಿಸುತ್ತದೆ, ಬೆಂಗಳೂರಲ್ಲಿ ಕೂತವರಿಗೆ ಮಾಡುವುದಕ್ಕೆ ಬೇರೆ ಏನಿದೆ, ನಿಮ್ಮನ್ನು ಕೇಳುತ್ತಾರೆ. ಕೇಳಿದಾಗ ತೋಟದ ಕೆಲಸ ಮಾಡಿದಷ್ಟೇ ಸಮಾಧಾನ. ಅಮೆರಿಕದ ಅಕ್ಕ-ಭಾವನದೂ ಅದೇ ಕತೆ. ನ್ಯೂಜೆರ್ಸಿಯಂಥ ಕಡೆ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಸೋಫಾದಲ್ಲಿ ಕೂತು ಊರು ನೆನೆದುಕೊಳ್ಳುವಾಗ, ಕುಯ್ಲಿನ ತಿಂಗಳುಗಳಲ್ಲಿ ನಿಮಗೆ ಸರಿಯಾಗಿ ಬೆಳಿಗ್ಗೆ ಏಳು. ಅವರಿಗೆ ಅದು ತವರಿನ ಹಂಬಲ. ನಿಮಗೆ ಹಾಜರಿ ಪುಸ್ತಕ ತೆರೆಯುವ ಹೊತ್ತು.

ಹೆದರಿದವರಿಗೆ ‘ಕೇಳಬೇಡಿ’ ಅಂದರೆ ಹೆದರಿಕೆ ಹೆಚ್ಚಾಗುತ್ತದೆ. ಕೇಳುವ ಮುಂಚೆಯೇ ಗೊತ್ತಾದರೆ ಕಡಿಮೆಯಾಗುತ್ತದೆ.

ಇದಕ್ಕೆ ಮಾದರಿ ನಿಮ್ಮ ತೋಟದಲ್ಲೇ ಇದೆ, ಮಳೆ ಅಳೆಯುವ ಮಾಪಕ. ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ನೀರನ್ನು ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಷ್ಟು ಇಂಚು ಇಷ್ಟು ಸೆಂಟ್ ಅಂತ ಪುಸ್ತಕಕ್ಕೆ ಬರೆಯುತ್ತೀರಿ. ಮಳೆ ಬೀಳುತ್ತಿರುವಾಗ ಗಂಟೆಗೊಂದು ಸಲ ‘ಈಗೆಷ್ಟು, ಈಗೆಷ್ಟು’ ಅಂತ ಯಾವ ಸಾಹುಕಾರರೂ ಕೇಳುವುದಿಲ್ಲ. ಯಾಕೆಂದರೆ ಬೆಳಿಗ್ಗೆ ಅಂಕಿ ಬಂದೇ ಬರುತ್ತದೆ, ಬಂದ ಅಂಕಿ ಸರಿಯಾಗೇ ಇರುತ್ತದೆ ಅನ್ನುವ ನಂಬಿಕೆ ತಲೆಮಾರಿನಿಂದ ಕೂತಿದೆ. ಮಳೆ ಬರದ ದಿನವೂ ಸೊನ್ನೆ ಅಂತ ಬರೆಯುತ್ತೀರಲ್ಲ, ಆ ಸೊನ್ನೆಯಿಂದಲೇ ನಂಬಿಕೆ ಹುಟ್ಟುವುದು.

ನಿಮ್ಮ ದಿನದ ವರದಿಯೂ ಹಾಗೇ ಹೋಗಲಿ. ತೂಕ ಮುಗಿದು ಪಲ್ಪರ್ ಶುರುವಾದ ಮೇಲೆ, ಎಂಟು ಗಂಟೆ ಅಂತಿಟ್ಟುಕೊಳ್ಳಿ, ಒಂದೇ ಮೆಸೇಜು. ಇವತ್ತು ಎಷ್ಟು ಆಳು, ಯಾವ ಬ್ಲಾಕು, ಎಷ್ಟು ಕೆ.ಜಿ. ಹಣ್ಣು, ಕಣದಲ್ಲಿ ಏನಿದೆ, ಗೋಡೌನಲ್ಲಿ 50 ಕೆ.ಜಿ.ಯ ಮೂಟೆ ಎಷ್ಟು, ನಾಳೆ ಎಲ್ಲಿ ಕೆಲಸ. ಕೊನೆಯಲ್ಲಿ ನಿಮಗೆ ಅವರಿಂದ ಬೇಕಾದ ಉತ್ತರ: ‘ಡೀಸೆಲ್ ಶುಕ್ರವಾರಕ್ಕೆ ಮುಗಿಯುತ್ತೆ, ತರಿಸಲಾ?’ ಹೇಳುವುದೇನೂ ಇಲ್ಲದ ದಿನ ‘ಎಲ್ಲ ನಿನ್ನೆ ಹಾಗೇ’ ಅಂತ ಹಾಕಿ. ಹದಿನೈದು ದಿನ ಒಂದು ದಿನವೂ ತಪ್ಪದ ಹಾಗೆ, ಯಾರೂ ಹೇಳದೆ, ನೀವಾಗಿಯೇ ಮಾಡಿ. ಮಾತುಕತೆ ಆಮೇಲೆ. ಹನ್ನೊಂದು ಗಂಟೆಯ ಪ್ರಶ್ನೆಗೆ ಎಂಟು ಗಂಟೆಗೇ ಉತ್ತರ ಹೋಗಿದ್ದರೆ ಅದು ತಾನಾಗಿ ಕಡಿಮೆಯಾಗುವುದನ್ನು ನೀವೇ ನೋಡುತ್ತೀರಿ. ಪೂರ್ತಿ ನಿಲ್ಲುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಕೆಲವರಿಗೆ ಕೇಳುವುದೇ ಚಟ.

ಮಾತುಕತೆ ಹೇಗೆ? ಫೋನಿನಲ್ಲಿ ಬೇಡ, ಗ್ರೂಪಿನಲ್ಲಂತೂ ಬೇಡವೇ ಬೇಡ. ಅವರು ತೋಟಕ್ಕೆ ಬಂದಾಗ ಸಂಜೆ ತೂಕದ ಹತ್ತಿರ ಬಂದು ನಿಲ್ಲಲು ಕರೆಯಿರಿ. ನಿಮ್ಮ ಪತ್ರದಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ, ನನಗೆ ಕಣ್ಣಿಗೆ ಕಟ್ಟಿದ್ದು ಅದೇ: ‘ಹೆಂಗಸರು ಹಣ್ಣಿನ ಮೂಟೆ ಇಟ್ಕೊಂಡು ಸಾಲಲ್ಲಿ ನಿಂತಿರ್ತಾರೆ.’ ಅವರು ನೋಡಬೇಕಾದ್ದು ಆ ಸಾಲನ್ನು. ಬೆಳಗಿನಿಂದ ಇಳಿಜಾರಿನಲ್ಲಿ ನಿಂತು ಕುಯ್ದವರು, ಬೆರಳೆಲ್ಲ ಅಂಟು, ಸೊಂಟಕ್ಕೆ ಕಟ್ಟಿದ ಚೀಲ ಇನ್ನೂ ಬಿಚ್ಚಿಲ್ಲ. ತೂಕ ಆಗಿ ಪುಸ್ತಕಕ್ಕೆ ಹೆಸರು ಹತ್ತಿದ ಮೇಲೆಯೇ ಮನೆ ದಾರಿ. ಊರಿನಿಂದ ಬರುವವರಾದರೆ ಪಿಕಪ್ ಹಾರ್ನ್ ಹೊಡೆಯುತ್ತಿರುತ್ತದೆ, ಅಸ್ಸಾಮಿನವರಾದರೆ ಲೈನ್ ಮನೆಗೆ ಹೋಗಿ ಇನ್ನೂ ಒಲೆ ಹಚ್ಚಬೇಕು. ಕೆ.ಜಿ. ಲೆಕ್ಕದಲ್ಲಿ ಕುಯ್ಯುವವರಿಗೆ ನಿಂತು ಕಾಯುವ ಹೊತ್ತಿಗೆ ಒಂದು ಕಾಸೂ ಹುಟ್ಟುವುದಿಲ್ಲ. ಬೆಂಗಳೂರಿನಿಂದ ಕೇಳಿದ ಒಂದು ವಿಡಿಯೋ ಇಪ್ಪತ್ತು ನಿಮಿಷ ತಿಂದರೆ, ಸಾಲಿನಲ್ಲಿ ಮೂವತ್ತು ಜನರಿದ್ದರೆ, ಹತ್ತು ಗಂಟೆ ಹೋಯಿತು. ಈ ಗುಣಾಕಾರ ಆಫೀಸಿನವರಿಗೆ ಬೇಗ ಅರ್ಥವಾಗುತ್ತದೆ, ಮೀಟಿಂಗುಗಳ ಬಗ್ಗೆ ಅವರೇ ಹೀಗೆ ಲೆಕ್ಕ ಹಾಕಿ ಗೊಣಗಿರುತ್ತಾರೆ.

ಹಣ್ಣಿನ ಮಾತೂ ಇದೆ. ಕುಯ್ದ ದಿನವೇ ಪಲ್ಪ್ ಆಗಬೇಕು ಅನ್ನುವುದು ನಿಮಗೆ ನಾನು ಹೇಳಬೇಕಾದ್ದಲ್ಲ. ರಾಶಿ ಬಿದ್ದ ಹಣ್ಣು ಬಿಸಿಯಾಗಿ ಹುಳಿ ಹಿಡಿದರೆ ಬಟ್ಟಲಿನಲ್ಲಿ ರುಚಿ ಕೆಡುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಅಷ್ಟೆಲ್ಲ ತಳಿ ಮಾಡಿ ಕೊಟ್ಟಿದೆ, ಒಳ್ಳೇ ತಳಿಯ ಹಣ್ಣೂ ಒಂದು ರಾತ್ರಿ ರಾಶಿಯಲ್ಲಿ ಬಿದ್ದರೆ ಕೆಟ್ಟದ್ದೇ. ತೂಕ ತಡವಾದರೆ ಪಲ್ಪರ್ ತಡ. ಹಾಗಾಗಿ ಅವರಿಗೆ ಹೀಗೆ ಹೇಳಿ ನೋಡಿ: ‘ಸಾರ್, ನಾಲ್ಕೂವರೆಯಿಂದ ಪಲ್ಪರ್ ಓಡೋವರೆಗೆ ನನ್ನ ಫೋನ್ ಕಣದ ಆಫೀಸಲ್ಲಿ ಇರುತ್ತೆ. ಎಂಟಕ್ಕೆ ಎಲ್ಲ ಲೆಕ್ಕ ಕಳಿಸ್ತೀನಿ. ಅವಸರ ಇದ್ರೆ ಒಂದೇ ಮೆಸೇಜಲ್ಲಿ ಏನು ಬೇಕು ಅಂತ ಪೂರ್ತಿ ಬರೆದುಬಿಡಿ, ಒಂದೇ ಸಲ ಹತ್ತಿ ಬಂದು ಉತ್ತರ ಹೇಳ್ತೀನಿ.’ ಆಮೇಲೆ ಅವರನ್ನು ಒಂದು ಸಲ ಟ್ಯಾಂಕ್ ತನಕ ಕರೆದುಕೊಂಡು ಹೋಗಿ. ಏನೂ ವಿವರಿಸಬೇಡಿ. ಜೊತೆಗೆ ಹತ್ತಿ, ಅಲ್ಲೇ ನಿಂತು ಎಂಟು ಗಂಟೆಯ ಲೆಕ್ಕ ಕಳಿಸಿ, ಇಳಿದು ಬನ್ನಿ. ಏದುಸಿರು ಬಿಡುವಾಗ ಕಲಿತದ್ದನ್ನು ಯಾರೂ ಮರೆಯುವುದಿಲ್ಲ.

ಫೋನ್ ಬರುವುದಿಲ್ಲ ಅಂದುಕೊಂಡಾರು ಅನ್ನುವ ನಿಮ್ಮ ಅಂಜಿಕೆ ನನಗೆ ಸರಿ ಕಾಣಲಿಲ್ಲ. ದಿನಾ ಎಂಟಕ್ಕೆ ಸರಿಯಾಗಿ ಲೆಕ್ಕ ಕಳಿಸುವವನನ್ನು ಯಾರು ಹಾಗೆನ್ನುತ್ತಾರೆ? ‘ಬೇರೆ ತೋಟದವರು ಕರೀತಿದಾರೆ’ ಅನ್ನುವ ಬಾಣ ಮಾತ್ರ ತೆಗೆಯಬೇಡಿ. ನಿಜವೇ ಇರಬಹುದು, ಇಪ್ಪತ್ತಾರು ವರ್ಷದ ಅನುಭವದ ರೈಟರ್ ಎಲ್ಲಿ ಸಿಗುತ್ತಾರೆ. ಆದರೆ ಹೇಳಿದ ಗಳಿಗೆಯಿಂದ ಮಾತು ಸಮಯದ್ದಾಗಿ ಉಳಿಯುವುದಿಲ್ಲ, ಚೌಕಾಸಿಯಾಗುತ್ತದೆ.

ಗ್ರೂಪಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಮೂಡಿಗೆರೆ ಕಡೆಯವರ ಫೋನಿನಲ್ಲಿ ಯಾವ ಯಾವ ಗ್ರೂಪಿರುತ್ತದೆ ಅಂತ ನೋಡಿದ್ದೇನೆ. ಬೆಳೆಗಾರರದ್ದು, ವ್ಯಾಪಾರಿಯ ದರದ್ದು, ಜಾತ್ರೆಯದ್ದು, ಕರೆಂಟ್ ಹೋದದ್ದು. ಯುರೋಪಿಗೆ ಹೋಗುವ ಕಾಫಿಗೆ ತೋಟದ ಗಡಿ ಗುರುತಿಸಿ ಕಾಫಿ ಬೋರ್ಡಿನ ಆ್ಯಪಿನಲ್ಲಿ ನೋಂದಾಯಿಸಿ ಅನ್ನುವುದು ಒಂದು ಕಡೆ, ಗುಲಾಬಿ ಹೂವಿನ ಜೊತೆ ಶುಭೋದಯ ಇನ್ನೊಂದು ಕಡೆ. ಅದರ ನಡುವೆ ಯಾವುದೋ ಒಂದು ಬೆಳಿಗ್ಗೆ ಅರಣ್ಯ ಇಲಾಖೆಯವರ ‘ಇಂಥ ಕಡೆ ಆನೆ ಇದೆ, ಆಳುಗಳನ್ನು ಕಳಿಸಬೇಡಿ’ ಅನ್ನುವ ಸಂದೇಶ. ಆನೆ ತುಳಿದು ಕೂಲಿಯವರು ಸತ್ತ ತಾಲ್ಲೂಕು ಇದು. ನೂರು ಸಲ ಸುಮ್ಮನೆ ಟಣ್ ಅಂದ ಫೋನನ್ನು ನೂರಾ ಒಂದನೇ ಸಲ ಯಾರು ತೆಗೆದು ನೋಡುತ್ತಾರೆ? ತೋಟದ ಗ್ರೂಪಿನಲ್ಲಿ ಭಾವನವರ ‘ವಾಹ್, ಸೂಪರ್’ ಬೀಳುವುದರಿಂದ ಆಗುವ ನಷ್ಟ ಇದು. ಸಾಹುಕಾರ್ರಿಗೆ ಈ ಮಾತನ್ನೇ ಹೇಳಿ. ಮನೆಯವರ ಹರಟೆಗೆ ನೀವಿಲ್ಲದ ಗ್ರೂಪು ಅವರು ಮಾಡಿಕೊಳ್ಳಲಿ, ನಿಮ್ಮ ವರದಿಯನ್ನು ಅಲ್ಲಿಗೆ ಅವರೇ ದಾಟಿಸಲಿ. ನಿಮ್ಮನ್ನು ಕೇಳುವವರು ಒಬ್ಬರೇ ಇರಬೇಕು. ಫೋನ್ ಮಾಡಿಯೇ ಹೇಳಬೇಕಾದದ್ದು ಯಾವುದು ಅಂತ ಇಬ್ಬರೂ ಮೊದಲೇ ಮಾತಾಡಿಕೊಳ್ಳಿ: ಕಣದಲ್ಲಿ ಕಾಫಿ ಇರುವಾಗ ಮೋಡ ಕಟ್ಟಿದರೆ, ಪಲ್ಪರ್ ಕೆಟ್ಟರೆ, ಯಾರಿಗಾದರೂ ಪೆಟ್ಟಾದರೆ, ಆನೆ ಬಂದರೆ. ಮಿಕ್ಕಿದ್ದಕ್ಕೆಲ್ಲ ಎಂಟು ಗಂಟೆ ಇದೆ.

ರಜೆ ದಿನದ ಪ್ರಶ್ನೆ. ಫ್ರಾನ್ಸಿನಲ್ಲಿ 2017ರಿಂದ ಕೆಲಸ ಮುಗಿದ ಮೇಲೆ ಫೋನು-ಇಮೇಲುಗಳಿಂದ ದೂರ ಇರುವುದನ್ನು ಹಕ್ಕಾಗಿ ಒಪ್ಪಿದ್ದಾರೆ. ನಮ್ಮ ಲೋಕಸಭೆಯಲ್ಲೂ ಅಂಥದ್ದೊಂದು ಖಾಸಗಿ ಮಸೂದೆ ಬಂದದ್ದುಂಟು, ಕಾಯ್ದೆಯಾಗಲಿಲ್ಲ. ಆದರೆ ತೋಟದ ಮಟ್ಟಿಗೆ ಅದಕ್ಕಿಂತ ಹಳೆಯ, ಅದಕ್ಕಿಂತ ಒಳ್ಳೆಯ ಮಾತು ನಮ್ಮಲ್ಲೇ ಇತ್ತು. 1951ರ ಪ್ಲಾಂಟೇಶನ್ ಲೇಬರ್ ಆಕ್ಟ್, ಈಗ ಅದನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದ್ದಾರೆ, ತೋಟದ ಆಳಿನ ದಿನ ಹನ್ನೆರಡು ಗಂಟೆ ಮೀರಬಾರದು ಅಂದಿತ್ತು. ಆ ಹನ್ನೆರಡರಲ್ಲಿ ವಿರಾಮದ ಹೊತ್ತೂ ಸೇರಿತ್ತು, ಕೆಲಸಕ್ಕಾಗಿ ಕಾಯುತ್ತಾ ನಿಂತ ಹೊತ್ತೂ ಸೇರಿತ್ತು. ಕಾಯುವುದೂ ಮನುಷ್ಯನ ಆಯುಷ್ಯವೇ ಅಂತ ಬರೆದಿಟ್ಟವರು ಯಾರೋ, ತೋಟ ನೋಡಿ ಬಂದವರಿರಬೇಕು ಅಂತ ನನಗೆ ಒಂದೊಂದು ಸಲ ಅನ್ನಿಸುತ್ತದೆ.

ಹಾಗಾಗಿ ರಜೆ ದಿನ ಫೋನ್ ಆಫ್ ಮಾಡುವುದರಲ್ಲಿ ತಪ್ಪಿಲ್ಲ. ಹೇಳದೆ ಮಾಡುವುದು ಬೇಡ. ಹಿಂದಿನ ರಾತ್ರಿಯ ವರದಿಯ ಕೆಳಗೆ ‘ನಾಳೆ ರಜೆ. ಕಣ ಕಾಯೋಕೆ ಮೇಸ್ತ್ರಿ ಇರ್ತಾನೆ, ತೀರಾ ಬೇಕಾದ್ರೆ ಅವನಿಗೆ ಫೋನ್ ಮಾಡಿ’ ಅಂತ ಹಾಕಿ. ಮೇಸ್ತ್ರಿಗೆ ಇನ್ನೊಂದು ದಿನ ರಜೆ ಕೊಡಿ. ಸಂತೆಗೆ ಹೋಗಿ ಮೀನು ತನ್ನಿ, ಮಲಗಿ, ಏನಾದರೂ ಮಾಡಿ.

ಮೇಸ್ತ್ರಿಯ ಮಾತು ಬಂತು. ನೀವು ಅವನ ಮೇಲೆ ರೇಗಿದ್ದನ್ನು ಬರೆದಿದ್ದೀರಿ, ಯಾಕೆ ಅಂತ ಬರೆದಿಲ್ಲ. ನಾನು ಊಹಿಸಲಾ? ಕೆಳಗಿನ ಬ್ಲಾಕಿನಲ್ಲಿದ್ದವನನ್ನು ಸೀಟಿ ಹೊಡೆದು ಕರೆದಿರಿ. ಬಂದ. ಯಾಕೆ ಕರೆದೆ ಅನ್ನುವುದು ಅಷ್ಟರಲ್ಲಿ ನಿಮಗೇ ಮರೆತಿತ್ತು, ಅಥವಾ ಫೋನ್ ಬಂದು ‘ಸ್ವಲ್ಪ ಇರು’ ಅಂತ ನಿಲ್ಲಿಸಿದಿರಿ. ನಿಂತ. ಅಷ್ಟು ಹೊತ್ತು ಕೆಳಗೆ ಹಸಿರು ಕಾಯಿ ಕುಯ್ಯುತ್ತಿದ್ದಾರೆ ಅಂತ ಆಮೇಲೆ ಅವನ ಮೇಲೇ ಕೂಗಾಡಿದಿರಿ. ಹೀಗೇ ಆಯಿತು ಅಂತಲ್ಲ, ಆದರೆ ನನ್ನ ಅಪ್ಪ ಹೀಗೆ ಮಾಡುತ್ತಿದ್ದರು. ಸಾಹುಕಾರರ ಚೀಟಿ ಕೈಗೆ ಬಂದ ದಿನ ಸೀಟಿಯ ಸದ್ದು ಜಾಸ್ತಿ. ಟ್ಯಾಂಕ್ ಹತ್ತುವ ದಾರಿ ನಿಮ್ಮಲ್ಲಿಗೇ ಮುಗಿಯುವುದಿಲ್ಲ ರೈಟ್ರೇ, ನಿಮ್ಮಿಂದ ಕೆಳಗೂ ಒಂದು ದಾರಿ ಇದೆ. ನಾಳೆ ಬೆಳಿಗ್ಗೆ ಹಾಜರಿ ಹಾಕುವಾಗ ಅವನಿಗೆ ಇಡೀ ದಿನದ ಕೆಲಸ ಒಂದೇ ಸಲ ಹೇಳಿ, ಮಧ್ಯಾಹ್ನದ ಊಟದ ತನಕ ಸೀಟಿ ಮುಟ್ಟಬೇಡಿ. ರೇಗಿದ್ದಕ್ಕೆ ಒಂದು ಮಾತು ಹೇಳಿಬಿಡಿ, ಉದ್ದ ಬೇಡ.

ನನಗೆ ಉತ್ತರ ಬರೆಯುವ ಅವಸರವಿಲ್ಲ. ರೊಬಸ್ಟಾ ಕುಯ್ಲು ಮುಗಿದು, ಹೂಮಳೆ ಬಂದು, ನಿಮಗೆ ಪುರುಸೊತ್ತಾದಾಗ ಬರೆಯಿರಿ. ಬಾಳೂರಲ್ಲಿ ಎಷ್ಟು ಸೆಂಟ್ ಆಯಿತು ಅಂತಲೂ.